ತಪ್ಪಿಸಿಕೊಂಡ ಮೀನಿನ ಲೆಕ್ಕ

ನಮಸ್ಕಾರ ಕೇಳುಗರೇ.

ಗಾಳ ಹಾಕುವವರು ನಾಲ್ಕು ಜನ ಸೇರಿದರೆ ಮೀನು ಬೆಳೆಯುತ್ತಾ ಹೋಗುತ್ತದೆ. ಮೊದಲನೇ ಟೀ ಕುಡಿಯುವಾಗ ಐದು ಕೆಜಿ ಇದ್ದದ್ದು ಎರಡನೇ ಟೀ ಹೊತ್ತಿಗೆ ಎಂಟಾಗಿರುತ್ತದೆ. ನಾನೂ ಅದೇ ಜಾತಿಯವನು, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಗಾಳದ ಕ್ಲಬ್ಬಿನಲ್ಲಿ ನಾನು ಏನಾದರೂ ಕಲಿತಿದ್ದರೆ, ಅದು ಮೀನು ಸಿಗದ ದಿನಗಳ ಮಾತಿನಿಂದ.

2004ರ ಬೇಸಿಗೆ. ಕಾವೇರಿ ದಡದ ಗಾಲಿಬೋರೆಯ ಗಾಳದ ಕ್ಯಾಂಪಿಗೆ ಮೊದಲ ಸಲ ಹೋಗಿದ್ದೆ. ಅಲ್ಲಿ ಮಹಶೀರ್ ಅನ್ನೋ ದೊಡ್ಡ ಹೊಳೆಮೀನು ಹಿಡಿಯೋಕೆ ಮುಳ್ಳಿಗೆ ಸಿಕ್ಕಿಸೋದು ರಾಗಿ ಉಂಡೆ. ಮುದ್ದೆ ತಿಂದು ಬೆಳೆದವನು ನಾನು, ಇದೇನು ಮಹಾ ಅಂದುಕೊಂಡೆ. ನನ್ನ ಉಂಡೆ ಹರಿಯೋ ನೀರಿಗೆ ಬಿದ್ದ ಎರಡೇ ನಿಮಿಷಕ್ಕೆ ಕರಗಿಹೋಯಿತು. ಜೊತೆಗಿದ್ದ ಹಳ್ಳಿಯ ಗೈಡ್ ನಕ್ಕುಬಿಟ್ಟರು. "ಸಾರ್, ಇದು ನಾವು ಉಣ್ಣೋ ಮುದ್ದೆ." ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯೋ ನೀರಲ್ಲಿ ಬೇಯಿಸಿ, ಕೈ ಸುಡುವಾಗಲೇ ಮತ್ತೆ ನಾದಬೇಕಂತೆ. ಒತ್ತಿದರೆ ರಬ್ಬರಿನ ಹಾಗೆ ವಾಪಸ್ಸು ಬರಬೇಕು. ಇಲ್ಲದಿದ್ದರೆ ಪುಡಿ ಮೀನುಗಳು ಕುಟುಕಿ ಕುಟುಕಿ ಮುಗಿಸುತ್ತವೆ, ನೀವು ಬರೀ ಗಾಳದ ಮುಳ್ಳು ಹಿಡಿದುಕೊಂಡು ಕೂತಿರುತ್ತೀರಿ.

ಮಾರನೇ ದಿನ ಸಂಜೆ ರಾಡ್ ಬಾಗಿತು. ರೀಲ್ ಕಿರುಚಿತು. ಮಬ್ಬು ಬೆಳಕಲ್ಲಿ ಒಂದು ದೊಡ್ಡ ಬಾಲ ನೀರನ್ನು ಬಡಿದಿದ್ದು ಕಂಡಿತು. ಆಮೇಲೆ ದಾರ ಸಡಿಲ. ಬಂಡೆಗೆ ತಗುಲಿ ಕಟ್ಟಾಯಿತು ಅಂತ ಕ್ಯಾಂಪಿನಲ್ಲಿ ಎಲ್ಲರಿಗೂ ಹೇಳಿದೆ. ಕ್ಲಬ್ಬಿನ ಹಿರಿಯರೊಬ್ಬರು ಎದ್ದು ಬಂದು, "ಎಲ್ಲಿ, ದಾರದ ತುದಿ ತೋರಿಸಪ್ಪಾ" ಅಂದರು. ತುದಿ ನಾಯಿ ಬಾಲದ ಹಾಗೆ ಸುತ್ತಿಕೊಂಡಿತ್ತು. "ಬಂಡೆ ಉಜ್ಜಿದ್ರೆ ದಾರ ತರಚಿರ್ತಿತ್ತು. ಇದು ನೀನು ಮುಳ್ಳಿಗೆ ಕಟ್ಟಿದ ಗಂಟು ಜಾರಿದ್ದು. ಬಿಗಿಯೋ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿದ್ಯಾ?" ಮಾಡಿರಲಿಲ್ಲ. ಒಣ ದಾರವನ್ನು ಜಗ್ಗಿ ಬಿಗಿದರೆ ಬಿಸಿಯಾಗಿ ಅದರ ಬಲ ಹೋಗುತ್ತದೆ, ಗಂಟೂ ಸರಿಯಾಗಿ ಕೂರಲ್ಲ. ಪುಸ್ತಕದಲ್ಲಿ ಓದಿದ್ದರೆ ಮರೆತಿರುತ್ತಿದ್ದೆ. ಅಷ್ಟು ಜನರ ಮುಂದೆ ಮಾನ ಹೋಯಿತಲ್ಲ, ಮರೆಯೋಕಾಗಲ್ಲ.

ಕ್ಯಾಂಪಿನಲ್ಲಿ ಒಂದು ದಪ್ಪ ಪುಸ್ತಕ ಇತ್ತು. ಎಷ್ಟು ಗಂಟೆ ಕೂತೆವು, ಏನು ಸಿಕ್ಕಿತು, ತೂಕ ಎಷ್ಟು, ಎಲ್ಲ ಬರೆಯಬೇಕು. ಹಿಡಿದ ಮೀನನ್ನು ವಾಪಸ್ಸು ನದಿಗೇ ಬಿಡುವ ಪದ್ಧತಿ, ಹಾಗಾಗಿ ಕೊನೆಗೆ ಉಳಿಯುವುದು ಆ ಬರಹ ಮಾತ್ರ. ಆಗ ನನಗೆ ಅದು ಗುಮಾಸ್ತರ ಕೆಲಸದ ಹಾಗೆ ಕಂಡಿತ್ತು.

ಮುಂದೆ ಮೀನುಗಳ ಬಗ್ಗೆ ಸಂಶೋಧನೆ ಮಾಡುವ ಆಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಗಾಲಿಬೋರೆಯ 1998ರಿಂದ 2012ರವರೆಗಿನ ಲೆಕ್ಕ ತೆಗೆದು ಕೂತರು. ಒಟ್ಟು 23,620 ಗಂಟೆ, 6,161 ಮಹಶೀರ್. ಅಂದರೆ ಸುಮಾರು ನಾಲ್ಕು ಗಂಟೆಗೆ ಒಂದು ಮೀನು! ಕೂತ ಗಂಟೆಗಳನ್ನು ಬರೆದಿಟ್ಟಿದ್ದರಿಂದ ನದಿಯೊಳಗೆ ಏನಾಗುತ್ತಿದೆ ಅಂತ ಗೊತ್ತಾಯಿತು. ನೀಲಿ ರೆಕ್ಕೆಯ ಮಹಶೀರ್ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿತ್ತು. ಕಿತ್ತಳೆ ಬಾಲದ, ಬೆನ್ನು ಉಬ್ಬಿದ ನಮ್ಮ ಕಾವೇರಿಯ ಗೂನು ಮಹಶೀರ್ ಅಪರೂಪವಾಗುತ್ತಾ ಬಂದಿತ್ತು. ಸಿಕ್ಕಿದರೂ ದೊಡ್ಡವೇ, ಮರಿಗಳು ಕಾಣೆ.

ಇದರಲ್ಲಿ ಗಾಳದವರಿಗೆ ಒಂದು ಕಹಿ ಮಾತೂ ಇದೆ. ನೀಲಿ ರೆಕ್ಕೆಯದು ಕಾವೇರಿಯ ಮೀನೇ ಅಲ್ಲ. ಮಹಶೀರ್ ಉಳಿಯಲಿ ಅನ್ನುವ ಒಳ್ಳೆ ಮನಸ್ಸಿನಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು 1970ರ ದಶಕದಿಂದ ಇಲ್ಲಿಗೆ ತಂದು ಬಿಟ್ಟರು. ಹಾಗೆ ಬಿಡಿಸಿದವರಲ್ಲಿ ಗಾಳ ಹಿಡಿದವರೂ ಇದ್ದರು. ಗಾಳದವರು ಬರೆದ ಪುಸ್ತಕವೇ ಗಾಳದವರ ತಪ್ಪನ್ನು ಹೇಳಿತು. 2018ರಲ್ಲಿ ಗೂನು ಮಹಶೀರ್‌ಗೆ ಟಾರ್ ರೆಮದೇವಿ ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾಯಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಗಾಲಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತೇ ಹೋಗಿತ್ತು.

ನನ್ನ ಗಂಟು ಜಾರಿದ ಆ ಸಂಜೆ, ಹಿರಿಯರು ಪುಸ್ತಕ ತೆರೆದು ಕೇಳಿದ್ದರು, "ಬಾಲದ ಬಣ್ಣ ನೋಡಿದ್ಯಾ?"

"ಕಿತ್ತಳೆ ಅನ್ಸುತ್ತೆ ಸಾರ್."

"ಅನ್ಸುತ್ತೋ, ನೋಡಿದ್ಯೋ?"

ನಾನು ಸುಮ್ನಾದೆ. ಅವರು ಬರೆದುಕೊಂಡರು: ಮೂರು ಗಂಟೆ. ಒಂದು ತಪ್ಪಿಸಿಕೊಂಡಿತು. ಬಣ್ಣ ತಿಳಿಯಲಿಲ್ಲ.

ನಮಸ್ಕಾರ.