ಯಾವುದರ ದೇವಿ ಅಂತ ಕೇಳ್ಬೇಡಿ, ಎಲ್ಲಿಯ ದೇವಿ ಅಂತ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಹಳೇ ಕೆಲ್ಟಿಕ್ ಜನರ ದೇವಿಯರ ಬಗ್ಗೆ ಮಾತಾಡಿ ಅಂತ ಕರೆದಿದಾರೆ, ಖುಷಿಯಿಂದ ಬಂದಿದೀನಿ. ಕೆಲ್ಟರು ಅಂದ್ರೆ ಯಾರು? ರೋಮನ್ನರು ಬರೋಕೆ ಮುಂಚೆ ಫ್ರಾನ್ಸು, ಬ್ರಿಟನ್ನು, ಐರ್ಲೆಂಡು ಈ ಕಡೆಯಲ್ಲೆಲ್ಲ ಇದ್ದ ಜನ, ಭಾಷೇಲಿ ಒಬ್ಬರಿಗೊಬ್ಬರು ನೆಂಟರು. ಇವತ್ತಿಗೆ ಅಷ್ಟು ಗೊತ್ತಿದ್ರೆ ಸಾಕು.

ನಾನು ಎಲ್ಲಿ ಈ ವಿಷಯ ಎತ್ತಿದ್ರೂ ಮೊದಲ ಪ್ರಶ್ನೆ ಒಂದೇ, ಅವರಲ್ಲಿ ಪ್ರೇಮಕ್ಕೆ ಯಾವ ದೇವಿ, ವಿದ್ಯೆಗೆ ಯಾರು, ದುಡ್ಡಿಗೆ ಯಾರು ಅಂತ. ಗ್ರೀಕರ ಪಟ್ಟಿ ಓದಿ ಬಂದಿರೋ ಅಭ್ಯಾಸ ಅದು. ದಯವಿಟ್ಟು ಆ ಪ್ರಶ್ನೆ ಬಿಟ್ಬಿಡಿ. ಕೆಲ್ಟರ ದೇವಿಯನ್ನ ಯಾವುದರ ದೇವಿ ಅಂತ ಕೇಳ್ಬಾರದು, ಎಲ್ಲಿಯ ದೇವಿ ಅಂತ ಕೇಳ್ಬೇಕು. ಹೊಳೆ ಯಾವುದು, ಬುಗ್ಗೆ ಯಾವುದು, ಬೆಟ್ಟ ಯಾವುದು, ಅದು ಗೊತ್ತಾದ್ರೆ ದೇವಿ ಗೊತ್ತಾದ ಹಾಗೆ.

ಐರ್ಲೆಂಡಿನ ಬಾಯ್ನ್ ನದೀನೇ ತಗೊಳ್ಳಿ. ಅದರ ದೇವಿ ಬೋಆನ್. ಅವಳ ಗಂಡ ನೆಕ್ತಾನ್‌ಗೆ ಒಂದು ಬಾವಿ ಇತ್ತು, ಅವನೂ ಅವನ ಮೂರು ಜನ ಸೇವಕರೂ ಬಿಟ್ರೆ ಬೇರೆ ಯಾರೂ ಹತ್ರ ಹೋಗೋ ಹಾಗಿಲ್ಲ. ಇವಳು ಹೋದಳು. ಹೋಗಿ ಬಾವಿ ಸುತ್ತ ಮೂರು ಸಲ ಅಪ್ರದಕ್ಷಿಣೆ ಹಾಕಿದಳು, ನೀರು ಉಕ್ಕಿ ಬಂತು, ಒಂದು ಅಲೆಗೆ ತೊಡೆ ಹೋಯ್ತು, ಒಂದಕ್ಕೆ ಕೈ, ಒಂದಕ್ಕೆ ಕಣ್ಣು, ಅವಳು ಸಮುದ್ರದವರೆಗೂ ಓಡಿದಳು, ನೀರು ಅವಳ ಬೆನ್ನು ಹತ್ತಿ ಬಂತು, ಹಾಗೆ ಓಡಿದ ದಾರೀನೇ ನದಿ. ಎರಡನೇ ಶತಮಾನದಲ್ಲಿ ಟಾಲೆಮಿ ಅನ್ನೋ ಭೂಗೋಳ ಪಂಡಿತ ಈ ನದಿ ಹೆಸರನ್ನ ಬುವಿಂಡ ಅಂತ ಬರೆದಿದಾನೆ, ಬಿಳಿ ಹಸು ಅಂತ ಅರ್ಥ. ಅದರಲ್ಲಿರೋ 'ಬು'ಗೂ ಸಂಸ್ಕೃತದಿಂದ ನಮಗೆ ಬಂದಿರೋ 'ಗೋವು'ಗೂ ಬೇರು ಒಂದೇ! ಇದನ್ನ ಹೇಳುವಾಗ ಪ್ರತಿ ಸಲಾನೂ ನನಗೆ ಮೈ ಜುಮ್ ಅನ್ನುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರ್ತೀನಿ. ಇಂಗ್ಲೆಂಡಿನಲ್ಲಿ ಬಾತ್ ಅಂತ ಊರಿದೆ, ಹೆಸರಿನ ಅರ್ಥಾನೇ ಸ್ನಾನ. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ, 46 ಡಿಗ್ರಿ ಬಿಸಿ, ದಿನಕ್ಕೆ 11 ಲಕ್ಷ ಲೀಟರಿಗೂ ಜಾಸ್ತಿ ನೀರು, ಇವತ್ತಿಗೂ. ಆ ಬುಗ್ಗೆಯ ದೇವಿ ಸೂಲಿಸ್. ರೋಮನ್ನರು ಬಂದು ದೊಡ್ಡ ದೇವಸ್ಥಾನ ಕಟ್ಟಿದ್ರು, ತಮ್ಮ ದೇವಿ ಮಿನರ್ವಾ ಹೆಸರನ್ನೂ ಸೇರಿಸಿದ್ರು, ಆದ್ರೆ ಗಮನಿಸಿ, ಸೂಲಿಸ್ ಮಿನರ್ವಾ ಅಂದ್ರು, ಊರಿನವಳ ಹೆಸರೇ ಮೊದಲು. 1727ರಲ್ಲಿ ಚರಂಡಿ ಅಗೆಯೋ ಕೂಲಿಗಳಿಗೆ ಚಿನ್ನದ ಲೇಪ ಇರೋ ಅವಳ ಕಂಚಿನ ತಲೆ ಸಿಕ್ತು.

ಅದಕ್ಕಿಂತ ದೊಡ್ಡ ನಿಧಿ ಅಂದ್ರೆ ಸೀಸದ ತಗಡುಗಳು, ಸುಮಾರು 130. ಜನ ಸ್ನಾನಕ್ಕೆ ಬರೋರು, ಬಟ್ಟೆ ಬಿಚ್ಚಿಟ್ಟು ನೀರಿಗಿಳಿಯೋರು, ಮೇಲೆ ಬಂದು ನೋಡಿದ್ರೆ ಬಟ್ಟೆ ಮಾಯ. ಆಗ ಏನ್ಮಾಡೋದು? ಒಂದು ಸೀಸದ ತಗಡು ತಗೊಂಡು, ಮೊನಚು ಕಡ್ಡೀಲಿ ದೂರು ಕೆತ್ತಿ, ಸುರುಳಿ ಸುತ್ತಿ, ಬುಗ್ಗೆಗೆ ಎಸೆಯೋದು. ನಾನು ಅಲ್ಲಿನ ಮ್ಯೂಸಿಯಂನಲ್ಲಿ ಗಾಜಿಗೆ ಮೂಗು ತಾಗೋಷ್ಟು ಹತ್ರ ನಿಂತು ನೋಡಿದೀನಿ, ಅಂಗೈಗಿಂತ ಚಿಕ್ಕ ತಗಡು, ಮಡಿಸಿದ ಗೆರೆ ಇನ್ನೂ ಇದೆ, ಅಕ್ಷರ ಅಂತೂ ಅಂಕುಡೊಂಕು. ಡೊಕಿಮೆಡಿಸ್ ಅನ್ನೋನು ಎರಡು ಕೈಗವಸು ಕಳ್ಕೊಂಡಿದಾನೆ, ಕದ್ದವನಿಗೆ ದೇವಸ್ಥಾನದಲ್ಲೇ ಬುದ್ಧಿನೂ ಹೋಗ್ಲಿ ಕಣ್ಣೂ ಹೋಗ್ಲಿ ಅಂತ ಬರೆದಿದಾನೆ. ಬರೀ ಕೈಗವಸು! ಸೊಲಿನಸ್ ಅನ್ನೋನದು ಸ್ನಾನದ ಅಂಗಿ, ಮೇಲಂಗಿ ಎರಡೂ ಹೋಗಿವೆ. ಅವನ ಜಾಣತನ ನೋಡಿ, ಕಳುವಾದ ಬಟ್ಟೇನ ದೇವಿಗೇ ಕೊಟ್ಬಿಟ್ಟಿದೀನಿ ಅಂತ ಬರೀತಾನೆ, ಅಂದ್ರೆ ದೇವಿಗೆ ಮುಡಿಪು. ಈಗ ಕಳ್ಳ ಕದ್ದಿರೋದು ಸೊಲಿನಸ್‌ದಲ್ಲ, ದೇವಿದು. ತಂದು ಗುಡಿಗೆ ಒಪ್ಪಿಸೋವರೆಗೂ ಅವನಿಗೆ ನಿದ್ದೆ ಬರಬಾರದು, ಆರೋಗ್ಯ ಇರಬಾರದು. ಬೇರೆ ತಗಡುಗಳಲ್ಲಿ ಗಂಡಾಗಿರ್ಲಿ ಹೆಣ್ಣಾಗಿರ್ಲಿ, ಗುಲಾಮನಾಗಿರ್ಲಿ ಸ್ವತಂತ್ರನಾಗಿರ್ಲಿ ಅಂತ ಸೇರಿಸ್ತಾರೆ, ಕಳ್ಳ ಎಲ್ಲೂ ನುಸುಳಬಾರದು ನೋಡಿ. ಈ ದೂರನ್ನ ರೋಮ್‌ನಲ್ಲಿರೋ ದೊಡ್ಡ ದೇವರಿಗೆ ಯಾಕೆ ಕಳಿಸಲಿಲ್ಲ? ಕಳುವಾಗಿದ್ದು ಇಲ್ಲಿ, ದೇವಿ ಇರೋದೂ ಇಲ್ಲಿ, ಅದಕ್ಕೆ. ನಾನು ಆಗಿನಿಂದ ಹೇಳ್ತಿರೋದೂ ಅದನ್ನೇ, ಎಲ್ಲಿಯ ದೇವಿ ಅಂತ ಕೇಳಿ.

ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ. ಐರ್ಲೆಂಡಿನ ಇನ್ನೊಬ್ಬ ದೇವಿ ಬ್ರಿಜಿಡ್ ಬಗ್ಗೆ ಒಂದೇ ಮಾತು, ಹೆಸರು ಕೇಳಿರ್ತೀರಿ, ಅದೇ ಹೆಸರಿನ ಕ್ರೈಸ್ತ ಸಂತಳ ಊರು ಐರ್ಲೆಂಡಿನ ಕಿಲ್ಡೇರ್, ಫೆಬ್ರವರಿ 1 ಅವಳ ಹಬ್ಬ, 2023ರಿಂದ ಅವಳ ಹೆಸರಲ್ಲಿ ಸರ್ಕಾರಿ ರಜೆ ಕೂಡ ಇದೆ.

ಫ್ರಾನ್ಸಿನ ಸೆಕ್ವಾನಾಳನ್ನ ಮಾತ್ರ ಬಿಡೋಕಾಗಲ್ಲ. ಪ್ಯಾರಿಸ್ ಮಧ್ಯೆ ಹರಿಯೋ ಸೇನ್ ನದಿಗೆ ಹೆಸರು ಬಂದಿದ್ದೇ ಅವಳಿಂದ. ಡಿಜೋನ್ ಹತ್ರ ಆ ನದಿ ಹುಟ್ಟೋ ಜಾಗದಲ್ಲಿ ಜನ ಹರಕೆಗೆ ಅಂತ ಮರದಲ್ಲಿ ಕಣ್ಣು, ಕೈ, ಕಾಲು ಕೆತ್ತಿ ಒಪ್ಪಿಸಿದ್ರು, ನೀರು ಕೆಸರಲ್ಲಿ ಮುಳುಗಿದ್ದಕ್ಕೆ ಆ ಮರ ಇವತ್ತಿಗೂ ಉಳಿದಿದೆ. 1933ರಲ್ಲಿ ಅವಳದೇ ಕಂಚಿನ ಮೂರ್ತಿ ಸಿಕ್ತು, ಈಗ ಡಿಜೋನ್ ಮ್ಯೂಸಿಯಂನಲ್ಲಿದೆ. ಬಾತುಕೋಳಿ ಆಕಾರದ ದೋಣಿ, ಕೊಕ್ಕಿನಲ್ಲಿ ಒಂದು ಚಿಕ್ಕ ಉಂಡೆ, ದೋಣೀಲಿ ದೇವಿ ಎರಡೂ ಕೈ ಚಾಚಿ ನಿಂತಿದಾಳೆ. ನಮಸ್ಕಾರ.