ಕೆಲಸವೂ ಹೋಯಿತು, ಹೆಸರೂ ಹೋಯಿತು

ನಮಸ್ಕಾರ. ಇವತ್ತು ಎರಡು ಪತ್ರಗಳ ಬಗ್ಗೆ ಮಾತಾಡೋಣ. ಎರಡನ್ನೂ ಬರೆದವರು ಒಬ್ಬರೇ, ಮೆಟಾ ಕಂಪನಿಯ ಮಾರ್ಕ್ ಜುಕರ್‌ಬರ್ಗ್. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಎಲ್ಲ ಇವರದ್ದೇ ಅಲ್ವಾ, ಅದೇ ಕಂಪನಿ.

ಮೊದಲ ಪತ್ರ 2022ರ ನವೆಂಬರ್‌ನದು. ಅವತ್ತು 11,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ನೂರರಲ್ಲಿ 13 ಜನ. ಪತ್ರದ ಸಾರ ಇಷ್ಟು: ಕೊರೊನಾ ಕಾಲದಲ್ಲಿ ಏರಿದ ಆದಾಯ ಹಾಗೇ ಏರುತ್ತದೆ ಅಂದುಕೊಂಡೆ, ಕೈಬಿಚ್ಚಿ ಖರ್ಚು ಮಾಡಿದೆ, ಲೆಕ್ಕ ತಪ್ಪಿತು, ಹೊಣೆ ನನ್ನದು. ಹೊಣೆ ಹೊತ್ತವರು ಕುರ್ಚಿಯಲ್ಲೇ ಉಳಿದರು, ಉಳಿದವರು ಗಂಟುಮೂಟೆ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಾದ ನಾಲ್ಕೇ ತಿಂಗಳಿಗೆ ಇನ್ನೂ 10,000 ಜನರನ್ನು ತೆಗೆಯುತ್ತೇವೆ ಅಂದರು. ಆದರೂ ಹೊರಗೆ ಬಂದವರ ಹತ್ತಿರ ಒಂದು ಉತ್ತರವಿತ್ತು. ಮುಂದಿನ ಇಂಟರ್‌ವ್ಯೂನಲ್ಲಿ 'ಯಾಕೆ ಬಿಟ್ಟಿರಿ' ಅಂತ ಕೇಳಿದರೆ 'ಕಂಪನಿಯವರೇ ತಪ್ಪು ಒಪ್ಪಿಕೊಂಡಿದ್ದಾರೆ' ಅನ್ನಬಹುದಿತ್ತು.

ಈಗ ಎರಡನೇ ಪತ್ರ. 2025ರ ಜನವರಿ 14. ಈ ಸಲ 'ನನ್ನ ತಪ್ಪು' ಅನ್ನುವ ಮಾತೇ ಇಲ್ಲ. ಚೆನ್ನಾಗಿ ಕೆಲಸ ಮಾಡದವರನ್ನು ಬೇಗ ಬೇಗ ಹೊರಗೆ ಕಳಿಸುತ್ತೇವೆ, ಸುಮಾರು ನೂರಕ್ಕೆ 5 ಜನ, ಅಂತ. ಅಂದರೆ ಹತ್ತಿರ ಹತ್ತಿರ 3,600 ಮಂದಿ. ಫೆಬ್ರವರಿ 10ರಂದು, ಸೋಮವಾರ, ಆಯಾ ಊರಿನ ಗಡಿಯಾರದಲ್ಲಿ ಬೆಳಗಿನ 5 ಗಂಟೆಯಿಂದ ನೋಟಿಸ್ ಕಳಿಸಲು ಶುರು ಮಾಡಿದರು.

ನನ್ನ ತಕರಾರು ಇರುವುದು ಇಲ್ಲೇ. ಕಂಪನಿ ಜನ ಕಡಿಮೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಕೆಲಸ ಕಿತ್ತುಕೊಳ್ಳುವಾಗ 'ನೀನೇ ಸರಿಯಿಲ್ಲ' ಅಂತ ಹಣೆಪಟ್ಟಿಯನ್ನೂ ಕಟ್ಟಿ ಕಳಿಸುವುದು ಇದೆಯಲ್ಲ, ಅದು ಬೇರೆಯೇ ಲೆಕ್ಕ. ಹೊರಬಿದ್ದವರಲ್ಲಿ ಕೆಲವರು ತಮಗೆ ಒಳ್ಳೆಯ ರೇಟಿಂಗ್ ಇತ್ತು ಅಂತ ಬಹಿರಂಗವಾಗಿ ಹೇಳಿದರು. ಹೆರಿಗೆ ರಜೆಯಲ್ಲಿದ್ದಾಗಲೇ ಕೆಲಸ ಹೋಯಿತು ಅಂದವರೂ ಇದ್ದರು.

ಇನ್ನೊಂದು ತಮಾಷೆ ನೋಡಿ. ಜರ್ಮನಿ, ಫ್ರಾನ್ಸ್, ಇಟಲಿ, ನೆದರ್‌ಲೆಂಡ್ಸ್, ಈ ನಾಲ್ಕು ದೇಶಗಳ ನೌಕರರನ್ನು ಆ ಸಲ ಮುಟ್ಟಲಿಲ್ಲ. ಅಲ್ಲಿನ ಕಾನೂನು ಬಿಗಿ. ಹಾಗಾದರೆ ಆ ನಾಲ್ಕು ದೇಶಗಳಲ್ಲಿ ಕೆಲಸಗಳ್ಳರೇ ಇರಲಿಲ್ಲವೇ? ಗಡಿ ದಾಟಿದ ಕೂಡಲೇ ಎಲ್ಲರೂ ಜಾಣರಾಗಿಬಿಟ್ಟರೇ?

ಸಂಖ್ಯೆ ಮೊದಲು ಬರುತ್ತದೆ, ಹೆಸರು ಆಮೇಲೆ. ಇದು ಹೇಗೆ ನಡೆಯುತ್ತದೆ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಮೆಟಾದಲ್ಲಿ ಅಲ್ಲ, ಹಿಂದೆ ನಾನಿದ್ದ ಬೇರೊಂದು ಕಂಪನಿಯಲ್ಲಿ. ಗೋಡೆಯ ಮೇಲೆ ಒಂದು ಎಕ್ಸೆಲ್ ಶೀಟ್, ಅದರಲ್ಲಿ ನೌಕರರ ಹೆಸರು, ಚೆನ್ನಾಗಿ ಕೆಲಸ ಮಾಡುವವರು ಮೇಲೆ, ಉಳಿದವರು ಕೆಳಗೆ. ಆರು ಜನ ಮ್ಯಾನೇಜರ್‌ಗಳು, ಮೂರು ಗಂಟೆಯ ಮೀಟಿಂಗ್. ಕೊನೆಯ ಸಾಲುಗಳಲ್ಲಿ ಇಷ್ಟು ಜನ ಇರಲೇಬೇಕು ಅಂತ ಮೇಲಿನಿಂದ ಬಂದಿತ್ತು. ಇನ್ನೂ ಒಂದು ಹೆಸರು ಬೇಕು. ಒಬ್ಬೊಬ್ಬರೂ ತಮ್ಮ ಟೀಮಿನವರ ಪರ ವಾದಿಸುತ್ತಿದ್ದಾರೆ. ಒಬ್ಬ ಹುಡುಗಿಯ ಮ್ಯಾನೇಜರ್ ಮಾತ್ರ ಆ ದಿನ ರಜೆಯಲ್ಲಿದ್ದ. ಅವಳ ಪರ ಮಾತಾಡಲು ಯಾರೂ ಇಲ್ಲ. ಕರ್ಸರ್ ಸ್ವಲ್ಪ ಹೊತ್ತು ಅವಳ ಹೆಸರಿನ ಮೇಲೆ ನಿಂತಿತು. ಆಮೇಲೆ ಆ ಸಾಲನ್ನು ಕಟ್ ಮಾಡಿ ಕೆಳಗೆ ಪೇಸ್ಟ್ ಮಾಡಿದರು. ಬಣ್ಣ ಹಳದಿಯಿಂದ ಕೆಂಪಾಯಿತು. ಯಾರೋ 'ಸರಿ, ಊಟಕ್ಕೆ ಹೋಗೋಣ' ಅಂದರು.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜ್ಯಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಪ್ರತಿ ವರ್ಷ ಕೆಳಗಿನ ನೂರಕ್ಕೆ 10 ಜನರನ್ನು ಹೊರಗೆ ಕಳಿಸುವ ಪದ್ಧತಿ ಇತ್ತು. ಮೈಕ್ರೋಸಾಫ್ಟ್ ಕೂಡ ನೌಕರರನ್ನು ಹೀಗೆ ಸಾಲಾಗಿ ನಿಲ್ಲಿಸಿ ಅಳೆಯುತ್ತಿತ್ತು, 2013ರಲ್ಲಿ ಸಾಕಪ್ಪಾ ಅಂತ ಕೈಬಿಟ್ಟಿತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಟೀಮಿನಲ್ಲಿ ಹತ್ತು ಜನ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬ ಕೆಳಗೆ ಬೀಳಲೇಬೇಕು ಅಂದರೆ, ಪಕ್ಕದವನಿಗೆ ನಾನ್ಯಾಕೆ ಸಹಾಯ ಮಾಡಲಿ? ಅವನು ಮೇಲೆ ಹೋದರೆ ನಾನು ಕೆಳಗೆ. ಹಳೆಯ ಕೋಡ್ ಸರಿಪಡಿಸುವಂಥ, ಯಾರ ಕಣ್ಣಿಗೂ ಬೀಳದ ಕೆಲಸ ಯಾರಿಗೂ ಬೇಡ. ರಜೆ ಹಾಕಲು ಭಯ.

ಇನ್ನು ದುಡ್ಡಿನ ಕಷ್ಟಕ್ಕೆ ಹೀಗೆ ಮಾಡಿದರಾ ಅಂದರೆ, 2024ರಲ್ಲಿ ಮೆಟಾದ ನಿವ್ವಳ ಲಾಭ 6,200 ಕೋಟಿ ಡಾಲರ್ ದಾಟಿತ್ತು. ಲೇಆಫ್ ಆದ ಅದೇ ಫೆಬ್ರವರಿಯಲ್ಲಿ ಕಂಪನಿ ಇನ್ನೊಂದು ಸುದ್ದಿ ಕೊಟ್ಟಿತು. ಮೇಲಿನ ಅಧಿಕಾರಿಗಳ ಬೋನಸ್ ಗುರಿಯನ್ನು ಮೂಲ ಸಂಬಳದ ಶೇ 75ರಿಂದ ಶೇ 200ಕ್ಕೆ ಏರಿಸಿದರು. ಜುಕರ್‌ಬರ್ಗ್ ಆ ಪಟ್ಟಿಯಲ್ಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಒಳಗೇ ಉಳಿದ ನೌಕರನ ಜಾಗದಲ್ಲಿ ನಿಂತು ಯೋಚಿಸಿ. ಪಕ್ಕದ ಕುರ್ಚಿ ಖಾಲಿ. ಅವನ ಕೆಲಸವೂ ನಿಮ್ಮ ತಲೆಗೆ. ಅಷ್ಟರಲ್ಲಿ ಮೊಬೈಲಿನಲ್ಲಿ ಈ ಸುದ್ದಿ. ಸಿಟ್ಟು ಬರದೆ ಇನ್ನೇನು ಬರುತ್ತದೆ?

'ಅಯ್ಯೋ, ಲಕ್ಷ ಲಕ್ಷ ಸಂಬಳ ತಗೊಂಡವರಿಗೆ ಏನು ಕಷ್ಟ' ಅಂತ ಕಾಮೆಂಟ್ ಹಾಕುವವರಿಗೆ ಒಂದು ಮಾತು. ಎಚ್-1ಬಿ, ಅಂದರೆ ಹೊರದೇಶದವರಿಗೆ ಕೊಡುವ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವವರಿಗೆ ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಆ 60 ದಿನ ಅವರು ಬಾಗಿಲು ಬಾಗಿಲು ತಟ್ಟುವಾಗ 'ಇವರು ಸರಿಯಾಗಿ ಕೆಲಸ ಮಾಡದವರ ಬ್ಯಾಚು' ಅನ್ನುವ ಮಾತು ಅವರಿಗಿಂತ ಮುಂಚೆಯೇ ಅಲ್ಲಿಗೆ ತಲುಪಿರುತ್ತದೆ.

ಆ ಎಕ್ಸೆಲ್ ಶೀಟಿನ ಹುಡುಗಿ ಎರಡು ವಾರದ ಮೇಲೆ ನನಗೆ ಫೋನ್ ಮಾಡಿದ್ದಳು. 'ಸರ್, ನಾನು ಎಲ್ಲಿ ಎಡವಿದೆ ಅಂತ ಸ್ವಲ್ಪ ಹೇಳ್ತೀರಾ? ಮುಂದಿನ ಸಲ ತಿದ್ದಿಕೊಳ್ತೀನಿ' ಅಂದಳು. ನಾನು ಏನೇನೋ ಹೇಳಿದೆ. ಸ್ವಲ್ಪ ಜಾಸ್ತಿ ಮಾತಾಡಬೇಕು, ಮೀಟಿಂಗ್‌ಗಳಲ್ಲಿ ಮುಂದೆ ಬರಬೇಕು, ಸುಮ್ನೆ ಬಾಯಿಗೆ ಬಂದದ್ದು. ಅವಳು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಪೆನ್ನಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.