ತೂಕ ಇಳಿಯಲಿ, ಕಾಲಿನ ಕಸುವು ಉಳಿಯಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಗೆ ಹೋದರೆ, ಬಿರಬಿರನೆ ವಾಕಿಂಗ್ ಮಾಡುವ ಐವತ್ತು ದಾಟಿದವರು ಸಿಗುತ್ತಾರೆ. ಬಹಳ ಒಳ್ಳೆಯದು. ಆದರೆ ತೂಕ ಇಳಿಸಬೇಕೆಂದು ರಾತ್ರಿ ಊಟವನ್ನೇ ಬಿಡುವವರೂ ಇದ್ದಾರೆ. ನನಗೆ ಕಳವಳ ಆಗುವುದು ಅವರನ್ನು ಕಂಡಾಗ.

ಸುಮ್ನೆ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಇಳಿದದ್ದರಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಕೊಬ್ಬೇ ಅಲ್ಲ. ಅದರಲ್ಲಿ ಸ್ನಾಯುವೂ ಸೇರಿರುತ್ತದೆ. 30 ವರ್ಷ ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಹೇಗೂ ಕರಗುತ್ತದೆ. 60ರ ನಂತರ ಇನ್ನೂ ಬೇಗ. ತೂಕದ ಯಂತ್ರಕ್ಕೆ ಇದ್ಯಾವುದೂ ಗೊತ್ತಾಗುವುದಿಲ್ಲ. ನೆಲಕ್ಕೆ ಕೂತು ಉಂಡವರು ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಮೊಣಕಾಲಿಗೆ ಹೋಗುತ್ತದಲ್ಲ, ಅದನ್ನು ಗಮನಿಸಿ.

ಹಾಗಾದರೆ ತಟ್ಟೆಯಲ್ಲಿ ಏನು ಕಡಿಮೆ ಮಾಡಬೇಕು? ಮಿರ್ಚಿ ಭಜಿ, ಪೇಡೆ, ಸಕ್ಕರೆ ಚಹಾ, ಎರಡನೇ ಸಲದ ಅನ್ನ. ಕಾಳುಪಲ್ಯಕ್ಕೆ ಮಾತ್ರ ಕೈ ಹಚ್ಚಬೇಡಿ. 60 ಕಿಲೋ ತೂಗುವವರಿಗೆ ಈ ವಯಸ್ಸಿನಲ್ಲಿ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಬೇಕು. 50 ಗ್ರಾಂ ಒಣ ಹೆಸರುಕಾಳಿನಿಂದ ಮಾಡಿದ ಪಲ್ಯದಲ್ಲಿ ಸುಮಾರು 12 ಗ್ರಾಂ ಸಿಗುತ್ತದೆ, ಒಂದು ಮೊಟ್ಟೆಯಲ್ಲಿ 6. ಜೋಳದ ರೊಟ್ಟಿಯಲ್ಲೂ ಇದೆ, 100 ಗ್ರಾಂ ಹಿಟ್ಟಿಗೆ 10 ಗ್ರಾಂ. ಮಡಕಿಕಾಳು, ಝುಣಕ, ಮಜ್ಜಿಗೆ ಬದಲು ಗಟ್ಟಿ ಮೊಸರು, ಹೀಗೆ ಮೂರೂ ಹೊತ್ತು ಹಂಚಿಕೊಳ್ಳಿ. ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾ ಚಟ್ನಿಪುಡಿಯಲ್ಲಿ, ಪ್ರೋಟೀನ್ ಇದೆ ನಿಜ, ಆದರೆ ಎಣ್ಣೆಯೂ ಜಾಸ್ತಿ. ಒಂದೆರಡು ಚಮಚ ಸಾಕು.

ಊಟದಷ್ಟೇ ಮುಖ್ಯ, ಸಾಮು. ಗರಡಿಮನೆಯ ಪೈಲ್ವಾನರು ಬೈಠಕ್ ಹೊಡೆಯುವುದನ್ನು ನೀವು ನೋಡಿರುತ್ತೀರಿ. ನಮಗೆ ಅಷ್ಟು ಬೇಡ. ಅಲುಗಾಡದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ನಿಧಾನಕ್ಕೆ ಏಳಿ, ಅದಕ್ಕಿಂತ ನಿಧಾನಕ್ಕೆ ಕೂತುಕೊಳ್ಳಿ. ಧಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಹತ್ತು ಸಲ ಮಾಡಿ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಹತ್ತು. ಉಸಿರು ಬಿಗಿಹಿಡಿಯಬೇಡಿ. ಆಮೇಲೆ ಗೋಡೆಗೆ ಅಂಗೈ ಊರಿ ದಂಡ ಹೊಡೆಯಿರಿ, ಅಂದರೆ ಮೊಣಕೈ ಮಡಚಿ ಎದೆಯನ್ನು ಗೋಡೆ ಹತ್ತಿರ ತಂದು ಮತ್ತೆ ಹಿಂದಕ್ಕೆ ತಳ್ಳಿ. ವಾರಕ್ಕೆ ಎರಡು ಮೂರು ದಿನ ಮಾಡಿದರೆ ಸಾಕು. ಸಲೀಸಾಯಿತು ಅನ್ನಿಸಿದಾಗ ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿಯಿರಿ. ಭಾರ ಹೆಚ್ಚಿದರೇ ಸ್ನಾಯು ಉಳಿಯುವುದು. ವಾಕಿಂಗ್ ಒಂದರಿಂದಲೇ ಈ ಕೆಲಸ ಆಗುವುದಿಲ್ಲ.

ಅವಸರ ಬೇಡ. ವಾರಕ್ಕೆ ಅರ್ಧ ಕಿಲೋ ಇಳಿದರೂ ಚಲೋ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಊಟ ಬದಲಿಸುವ ಮೊದಲೇ ವೈದ್ಯರನ್ನು ಕೇಳಿ. ಮೊಣಕಾಲು ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿಕೊಂಡು, ಎತ್ತರದಿಂದಲೇ ಶುರು ಮಾಡಿ.

ನಮಸ್ಕಾರ.